ಎಲ್ಲರಿಗಿಂತ ಮೊದಲು ಹಾರುವವರು

ಸೇನಾ ಹೆಲಿಕಾಪ್ಟರುಗಳ ಪರೀಕ್ಷಾ ಪೈಲಟ್ ಮತ್ತು ಬೋಧಕರ ವೃತ್ತಿ: ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೂ ಹೆತ್ತವರಿಗೂ ಒಂದು ಪರಿಚಯ

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳ ಹಿರಿಯರ ನೆನಪಿನಲ್ಲಿ ಹೆಲಿಕಾಪ್ಟರಿನ ಸದ್ದಿಗೆ ಕಹಿಯಾದ ಅರ್ಥವೊಂದಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನನ್ನು ಸಿಂಪಡಿಸುತ್ತಿದ್ದುದು ಹೆಲಿಕಾಪ್ಟರಿನಿಂದಲೇ. ಗುಡ್ಡದ ಮೇಲೆ ಗೇರುಮರಗಳು, ಇಳಿಜಾರಿನಲ್ಲಿ ಮನೆಗಳು, ಅವುಗಳ ನಡುವೆ ಸುರಂಗ, ಬಾವಿ, ತೋಡುಗಳು. ಮೇಲಿನಿಂದ ಸುರಿದ ವಿಷ ಕೆಳಗಿನವರನ್ನು ಏನು ಮಾಡೀತು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಹುಡುಕದೆ ಸಿಂಪರಣೆ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ಆದರೆ ಅಷ್ಟು ಹೊತ್ತಿಗೆ ಒಂದಿಡೀ ತಲೆಮಾರು ಬೆಲೆ ತೆತ್ತಾಗಿತ್ತು.

ಕೇರಳದ ಇಂದಿನ ಮಕ್ಕಳಿಗೆ ಹೆಲಿಕಾಪ್ಟರ್ ಎಂದರೆ ನೆನಪಾಗುವುದು ಬೇರೆಯೇ ದೃಶ್ಯ. 2018ರ ಆಗಸ್ಟ್ 17ರಂದು, ಮಹಾಪ್ರಳಯದ ನಡುವೆ, ಆಲುವ ಬಳಿಯ ಮನೆಯೊಂದರ ತಾರಸಿಯಲ್ಲಿ ಸಿಲುಕಿದ್ದ ತುಂಬು ಗರ್ಭಿಣಿಯನ್ನು ನೌಕಾಪಡೆಯ ಕಮಾಂಡರ್ ವಿಜಯ್ ವರ್ಮ ಅವರು ಹೆಲಿಕಾಪ್ಟರಿನ ಮೂಲಕ ಮೇಲೆತ್ತಿಸಿದರು. ಮೊದಲು ವೈದ್ಯರೊಬ್ಬರನ್ನು ಹಗ್ಗದಲ್ಲಿ ಕೆಳಗಿಳಿಸಿ ಆಕೆಯನ್ನು ಪರೀಕ್ಷಿಸಲಾಯಿತು. ಅದೇ ದಿನ ಕೊಚ್ಚಿಯ ನೌಕಾ ಆಸ್ಪತ್ರೆಯಲ್ಲಿ ಆಕೆಗೆ ಗಂಡುಮಗು ಹುಟ್ಟಿತು. ಆ ತಾರಸಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಧನ್ಯವಾದದ ಚಿತ್ರವನ್ನು ಲಕ್ಷಾಂತರ ಮಂದಿ ಕಂಡರು.

ಎಷ್ಟು ಗಾಳಿಯಿದ್ದರೂ ಹೆಲಿಕಾಪ್ಟರ್ ತಾರಸಿಯ ಮೇಲೆ ಅಲುಗಾಡದೆ ನಿಂತೀತು? ಹಗ್ಗಕ್ಕೆ ಎಷ್ಟು ಭಾರವನ್ನು ತೂಗುಹಾಕಬಹುದು? ಎಂಜಿನ್ ಕೈಕೊಟ್ಟರೆ ಎಷ್ಟು ಎತ್ತರದಲ್ಲಿದ್ದರೆ ಬದುಕಬಹುದು? ರಕ್ಷಣೆಗೆ ಹೊರಟ ಪೈಲಟ್ ಇವನ್ನು ಆ ಗಳಿಗೆಯಲ್ಲಿ ಕಂಡುಹಿಡಿಯಲಾಗದು. ಉತ್ತರಗಳು ಹಾರಾಟದ ಕೈಪಿಡಿಯಲ್ಲಿ ಅಂಕಿಗಳಾಗಿ ಮೊದಲೇ ಮುದ್ರಿತವಾಗಿರುತ್ತವೆ. ಅಂಥ ಅಂಕಿಗಳ ಹಿಂದೆ, ಎಲ್ಲರಿಗಿಂತ ಮೊದಲು ಆ ಯಂತ್ರವನ್ನು ಆ ಮಿತಿಯವರೆಗೆ ಕೊಂಡೊಯ್ದು ನೋಡಿ ಮರಳಿದ ಒಬ್ಬರಿರುತ್ತಾರೆ. ಅವರೇ ಪರೀಕ್ಷಾ ಪೈಲಟ್.

ತಿರುಗುವ ರೆಕ್ಕೆಯ ಕಷ್ಟ

ವಿಮಾನದ ರೆಕ್ಕೆ ಸ್ಥಿರವಾಗಿರುತ್ತದೆ; ವಿಮಾನವೇ ಮುಂದಕ್ಕೆ ಓಡಿ ಗಾಳಿಯನ್ನು ರೆಕ್ಕೆಯ ಮೇಲೆ ಹರಿಸುತ್ತದೆ. ಹೆಲಿಕಾಪ್ಟರಿನಲ್ಲಿ ರೆಕ್ಕೆಗಳೇ ತಿರುಗುತ್ತವೆ. ಆದ್ದರಿಂದ ಅದು ನಿಂತಲ್ಲೇ ಮೇಲೇರಬಲ್ಲದು, ಆಕಾಶದಲ್ಲಿ ಒಂದೇ ಕಡೆ ನಿಲ್ಲಬಲ್ಲದು, ಹಿಂದಕ್ಕೂ ಚಲಿಸಬಲ್ಲದು. ಆ ಸೌಲಭ್ಯಕ್ಕೆ ಪೈಲಟ್ ಎರಡು ಕೈ, ಎರಡು ಕಾಲುಗಳನ್ನೂ ಸದಾ ದುಡಿಸಬೇಕಾಗುತ್ತದೆ. ಎಡಗೈಯ ಸನ್ನೆ ಏರಿಳಿತಕ್ಕೆ, ಬಲಗೈಯ ದಂಡ ದಿಕ್ಕಿಗೆ, ಕಾಲಿನ ಪೆಡಲುಗಳು ಬಾಲದ ರೋಟರಿಗೆ. ಒಂದನ್ನು ಕದಲಿಸಿದರೆ ಉಳಿದೆರಡನ್ನೂ ಸರಿಪಡಿಸಬೇಕು.

ಎಂಜಿನ್ ನಿಂತುಹೋದರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂಬ ನಂಬಿಕೆ ಸರಿಯಲ್ಲ. ಮಹಾಗನಿ ಮರದ ಬೀಜ ಗರಗರನೆ ತಿರುಗುತ್ತ ನಿಧಾನವಾಗಿ ನೆಲಕ್ಕಿಳಿಯುವುದನ್ನು ಶಾಲೆಯ ಅಂಗಳದಲ್ಲಿ ಮಕ್ಕಳು ನೋಡಿರಬಹುದು. ಎಂಜಿನ್ ನಿಂತ ಹೆಲಿಕಾಪ್ಟರೂ ಹಾಗೆಯೇ ಇಳಿಯಬಲ್ಲದು. ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಪೈಲಟ್ ಆ ತಿರುಗುವಿಕೆಯ ಶಕ್ತಿಯನ್ನು ಬಳಸಿ ಮೆತ್ತಗೆ ಇಳಿಸುತ್ತಾರೆ. ಆದರೆ ಅದಕ್ಕೆ ಸಾಕಷ್ಟು ಎತ್ತರವಾಗಲಿ ವೇಗವಾಗಲಿ ಇರಬೇಕು. ಎರಡೂ ಕಡಿಮೆಯಿರುವ ಅಪಾಯದ ವಲಯವೊಂದು ಪ್ರತಿ ಹೆಲಿಕಾಪ್ಟರಿಗೂ ಇದೆ. ಆ ವಲಯದ ಗೆರೆ ಎಲ್ಲಿ ಎಂದು ನಿಖರವಾಗಿ ಗುರುತಿಸುವುದು ಪರೀಕ್ಷಾ ಪೈಲಟರ ಕೆಲಸಗಳಲ್ಲೊಂದು.

ಯಂತ್ರಕ್ಕೆ ಅಂಕ ಕೊಡುವವರು

ಭಾರತದಲ್ಲಿ ಈ ವಿದ್ಯೆಯ ಮನೆ ಬೆಂಗಳೂರು. ವಾಯುಪಡೆಯ ವಿಮಾನ ಮತ್ತು ವ್ಯವಸ್ಥೆಗಳ ಪರೀಕ್ಷಾ ಸಂಸ್ಥೆಯೂ ಅದರ ಅಂಗವಾದ ಪರೀಕ್ಷಾ ಪೈಲಟರ ಶಾಲೆಯೂ ಅಲ್ಲಿವೆ. 1970ರ ದಶಕದಲ್ಲಿ ಈ ಶಾಲೆ ಆರಂಭವಾಗುವವರೆಗೆ ಭಾರತದ ಅಧಿಕಾರಿಗಳು ಇದೇ ಶಿಕ್ಷಣಕ್ಕಾಗಿ ಬ್ರಿಟನ್ ಅಥವಾ ಫ್ರಾನ್ಸಿಗೆ ಹೋಗಬೇಕಾಗಿತ್ತು. ಇಂಥ ಸೇನಾ ಶಾಲೆಗಳು ಜಗತ್ತಿನಲ್ಲಿರುವುದೇ ಬೆರಳೆಣಿಕೆಯಷ್ಟು. ವಾಯುಪಡೆಯವರ ಜೊತೆಗೆ ಭೂಸೇನೆ, ನೌಕಾಪಡೆಗಳ ಅಧಿಕಾರಿಗಳೂ ಇಲ್ಲಿ ಕಲಿಯುತ್ತಾರೆ. ಪ್ರವೇಶ ಸಿಗುವುದು ಈಗಾಗಲೇ ಪಳಗಿದ ಪೈಲಟರಿಗೆ ಮಾತ್ರ. ಸುಮಾರು ಒಂದು ವರ್ಷದ ಈ ತರಬೇತಿಯಲ್ಲಿ ಅವರು ಬೆಳಗ್ಗೆ ಹಾರಿ, ಮಧ್ಯಾಹ್ನ ಲೆಕ್ಕ ಬಿಡಿಸಿ, ರಾತ್ರಿ ವರದಿ ಬರೆಯುವ ವಿದ್ಯಾರ್ಥಿಗಳಾಗಬೇಕು.

ವರದಿ ಬರೆಯುವುದು ಇಲ್ಲಿ ಸಣ್ಣ ಸಂಗತಿಯಲ್ಲ. ಒಳ್ಳೆಯ ಪೈಲಟ್ ಯಂತ್ರದ ದೋಷವನ್ನು ತನ್ನ ಕೈಚಳಕದಿಂದ ಮುಚ್ಚಿಬಿಡಬಲ್ಲ. ಪರೀಕ್ಷಾ ಪೈಲಟ್ ಹಾಗೆ ಮಾಡಿದರೆ ಮುಂದೆ ಅದೇ ಯಂತ್ರವನ್ನು ಏರುವ ಎಳೆಯ ಅಧಿಕಾರಿ ಅಪಾಯಕ್ಕೆ ಸಿಲುಕುತ್ತಾನೆ. ಆದ್ದರಿಂದ ಯಂತ್ರ ಹೇಗೆ ವರ್ತಿಸಿತು, ಅದನ್ನು ಹಿಡಿತದಲ್ಲಿಡಲು ಎಷ್ಟು ಶ್ರಮ ಬೇಕಾಯಿತು ಎಂಬುದನ್ನು ಉತ್ಪ್ರೇಕ್ಷೆಯಾಗಲಿ ಸಂಕೋಚವಾಗಲಿ ಇಲ್ಲದೆ ದಾಖಲಿಸಬೇಕು. ಇದಕ್ಕಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 1969ರಲ್ಲಿ ಪ್ರಕಟವಾದ ಕೂಪರ್–ಹಾರ್ಪರ್ ಮಾಪನ. ಪೈಲಟ್ ಯಂತ್ರಕ್ಕೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಶಾಲೆಯ ಲೆಕ್ಕಕ್ಕೆ ಇದು ತಿರುಗುಮುರುಗು: 1 ಬಂದರೆ ಅತ್ಯುತ್ತಮ, 10 ಬಂದರೆ ಯಂತ್ರ ಹಿಡಿತಕ್ಕೇ ಸಿಗದು ಎಂದರ್ಥ.

ಪರೀಕ್ಷಾ ಪೈಲಟ್ ಒಂಟಿಯಾಗಿ ದುಡಿಯುವವರಲ್ಲ. ಯಾವ ಪರೀಕ್ಷೆ, ಯಾವ ಕ್ರಮದಲ್ಲಿ, ಯಾವ ಹಂತದಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಅವರೊಂದಿಗೆ ಕುಳಿತು ಯೋಜಿಸುವವರು ಹಾರಾಟ ಪರೀಕ್ಷಾ ಎಂಜಿನಿಯರುಗಳು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಸ್ಕ್ವಾಡ್ರನ್ ಲೀಡರ್ ಆಶ್ರಿತಾ ವಿ. ಓಲೇಟಿ ಅವರು 2021ರಲ್ಲಿ ಬೆಂಗಳೂರಿನ ಇದೇ ಶಾಲೆಯಿಂದ ಉತ್ತೀರ್ಣರಾಗಿ, ಭಾರತೀಯ ವಾಯುಪಡೆಯ ಮೊದಲ ಮಹಿಳಾ ಹಾರಾಟ ಪರೀಕ್ಷಾ ಎಂಜಿನಿಯರ್ ಎನಿಸಿದರು.

ಮರುಭೂಮಿಯಿಂದ ಸಿಯಾಚಿನ್‌ವರೆಗೆ

1999ರ ಕಾರ್ಗಿಲ್ ಯುದ್ಧದಲ್ಲಿ ಅತಿ ಎತ್ತರದ ಬೆಟ್ಟಗಳಲ್ಲಿ ಹೋರಾಡಬಲ್ಲ ಹೆಲಿಕಾಪ್ಟರಿನ ಕೊರತೆ ಎದ್ದು ಕಂಡಿತು. ಆ ಕೊರತೆಯಿಂದ ಹುಟ್ಟಿದ್ದು ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಹಗುರ ಯುದ್ಧ ಹೆಲಿಕಾಪ್ಟರ್. 2010ರ ಮಾರ್ಚ್ 29ರಂದು ಅದನ್ನು ಮೊದಲ ಬಾರಿಗೆ ಹಾರಿಸಿದವರು ವಾಯುಪಡೆಯ ಹಿನ್ನೆಲೆಯ ಪರೀಕ್ಷಾ ಪೈಲಟರಾದ ಉಣ್ಣಿ ಪಿಳ್ಳೆ ಮತ್ತು ಹರಿ ನಾಯರ್.

ಹಾರಾಟ ಸುಮಾರು ಇಪ್ಪತ್ತು ನಿಮಿಷ. ಮುಂದಿನ ಪರೀಕ್ಷೆಗಳಿಗೆ ಹಿಡಿದದ್ದು ವರ್ಷಗಳು. ಜೋಧಪುರದ ಬಿಸಿಲಿನಲ್ಲಿ ಎಂಜಿನ್ ಬಳಲುತ್ತದೆಯೇ, ಲಡಾಖಿನ ಚಳಿಯಲ್ಲಿ ಅದು ಚಾಲೂ ಆಗುತ್ತದೆಯೇ ಎಂದು ನೋಡಬೇಕಾಯಿತು. ಸಮುದ್ರಮಟ್ಟದಿಂದ 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಾಸರಗೋಡಿನ ಕಡಲತೀರದಲ್ಲಿರುವುದರ ಶೇಕಡಾ 60ರಷ್ಟು ಮಾತ್ರ. ರೆಕ್ಕೆಗೆ ಆತುಕೊಳ್ಳಲು ಗಾಳಿ ಕಡಿಮೆ, ಎಂಜಿನ್ನಿಗೆ ಉಸಿರಾಡಲೂ ಕಡಿಮೆ. ಅಂಥ ಕಡೆ, ಸಿಯಾಚಿನ್ನಿನ ಮುಂಚೂಣಿ ನೆಲೆಗಳಲ್ಲಿ, 2015ರಲ್ಲಿ ಈ ಹೆಲಿಕಾಪ್ಟರ್ ಇಳಿದು ಮರಳಿ ಮೇಲೇರಿತು. 2022ರ ಅಕ್ಟೋಬರ್ 3ರಂದು 'ಪ್ರಚಂಡ್' ಎಂಬ ಹೆಸರಿನಲ್ಲಿ ಅದು ವಾಯುಪಡೆಗೆ ಸೇರಿತು. ಮೊದಲ ಹಾರಾಟಕ್ಕೂ ಸೇರ್ಪಡೆಗೂ ನಡುವೆ ಹನ್ನೆರಡು ವರ್ಷಗಳಿಗೂ ಮಿಕ್ಕಿದ ತಾಳ್ಮೆಯಿದೆ.

ಹಳೆಯ ಚೇತಕ್, ಚೀತಾಗಳ ಜಾಗಕ್ಕೆ ಬರಬೇಕಾದ ಹಗುರ ಬಹುಬಳಕೆಯ ಹೆಲಿಕಾಪ್ಟರಿನ ಮೊದಲ ಹಾರಾಟ 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ನಡೆಯಿತು. ಅಂದೂ ಚುಕ್ಕಾಣಿ ಹಿಡಿದವರು ಉಣ್ಣಿ ಪಿಳ್ಳೆ; ಜೊತೆಗಿದ್ದವರು ಅನಿಲ್ ಭಂಭಾನಿ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಅಲ್ಲಿ ಸಿದ್ಧವಾಗುವ ಯಂತ್ರಗಳನ್ನೂ ಮೊದಲು ಹಾರಿಸಿ ನೋಡುವವರು ಬೇಕು.

ಬಿಟ್ಟುಕೊಡುವ ಕಲೆ

ಈ ವೃತ್ತಿಯಲ್ಲಿ ಬೋಧನೆಗೂ ದೊಡ್ಡ ಸ್ಥಾನವಿದೆ. ಹಾರಾಟ ಬೋಧಕರಾಗಲು ಚೆನ್ನೈ ಬಳಿಯ ತಾಂಬರಮ್ಮಿನ ಬೋಧಕರ ಶಾಲೆಯಲ್ಲಿ ಪ್ರತ್ಯೇಕ ತರಬೇತಿ ಪಡೆಯಬೇಕು. ವಾಯುಪಡೆಯ ಹೊಸ ಹೆಲಿಕಾಪ್ಟರ್ ಪೈಲಟರು ಕಲಿಯುವುದು ಹೈದರಾಬಾದ್ ಬಳಿಯ ಹಕೀಂಪೇಟೆಯಲ್ಲಿ. ನೌಕಾಪಡೆಯವರಿಗೆ ತಮಿಳುನಾಡಿನ ಅರಕ್ಕೋಣಂನಲ್ಲಿ ಶಾಲೆಯಿದೆ.

ಹೊಸಬರಿಗೆ ಅತಿ ಕಠಿಣವಾದ ಪಾಠ ಒಂದೇ ಕಡೆ ನಿಲ್ಲುವುದು. ಹೆಲಿಕಾಪ್ಟರ್ ಎಡಕ್ಕೆ ಜಾರಿದಾಗ ವಿದ್ಯಾರ್ಥಿ ಗಾಬರಿಯಿಂದ ಬಲಕ್ಕೆ ಹೆಚ್ಚಾಗಿ ತಳ್ಳುತ್ತಾನೆ. ಅದು ಬಲಕ್ಕೆ ನುಗ್ಗಿದಾಗ ಮತ್ತೆ ಎಡಕ್ಕೆ. ಪಕ್ಕದಲ್ಲಿ ಕುಳಿತ ಬೋಧಕರ ಕೈ ದಂಡದಿಂದ ಸ್ವಲ್ಪವೇ ದೂರದಲ್ಲಿರುತ್ತದೆ. ಬೇಗ ಹಿಡಿದರೆ ವಿದ್ಯಾರ್ಥಿ ಕಲಿಯುವುದಿಲ್ಲ, ತಡವಾಗಿ ಹಿಡಿದರೆ ಇಬ್ಬರೂ ಉಳಿಯುವುದಿಲ್ಲ. ತಪ್ಪು ಮಾಡಲು ಎಷ್ಟರವರೆಗೆ ಬಿಡಬಹುದು ಎಂಬ ಅಂದಾಜು ಅನುಭವದಿಂದಷ್ಟೇ ಬರುತ್ತದೆ. ಯಂತ್ರದ ಮಿತಿಯನ್ನು ತಾವೇ ಮುಟ್ಟಿ ಬಂದ ಪರೀಕ್ಷಾ ಪೈಲಟರು ಬೋಧಕರಾದಾಗ ಆ ಅಂದಾಜಿಗೆ ಹೆಚ್ಚಿನ ಆಧಾರವಿರುತ್ತದೆ. ಪರೀಕ್ಷಾ ಪೈಲಟರ ಶಾಲೆಯಲ್ಲಿ ಕಲಿಸುವವರೂ ಇಂಥವರೇ.

ಮುಗಿಯದ ಪರೀಕ್ಷೆ

ಅಪಾಯವನ್ನು ಮರೆಮಾಚಿ ಈ ವೃತ್ತಿಯ ಕಥೆ ಹೇಳಲಾಗದು. 1992ರಲ್ಲಿ ಮೊದಲು ಹಾರಿ, 2002ರಿಂದ ಸೇವೆಯಲ್ಲಿರುವ 'ಧ್ರುವ' ಸ್ವದೇಶಿ ಹೆಲಿಕಾಪ್ಟರುಗಳಲ್ಲಿ ಪ್ರಮುಖವಾದದ್ದು. 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಒಂದು ಧ್ರುವ ಪತನಗೊಂಡು ಅದರಲ್ಲಿದ್ದ ಮೂವರೂ ತೀರಿಕೊಂಡರು. ರೆಕ್ಕೆಗಳ ಓರೆಯನ್ನು ನಿಯಂತ್ರಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗ ಬಿರುಕುಬಿಟ್ಟದ್ದು ತನಿಖೆಯಲ್ಲಿ ಕಂಡುಬಂತು. ಮೂರು ಸೇನೆಗಳ ಮತ್ತು ಕರಾವಳಿ ಪಡೆಯ ಮುನ್ನೂರಕ್ಕೂ ಹೆಚ್ಚು ಧ್ರುವಗಳು ತಿಂಗಳುಗಟ್ಟಲೆ ನೆಲದಲ್ಲೇ ನಿಂತವು.

ಗಡಿಯ ಹಿಮಶಿಖರಗಳಿಗೆ ಆಹಾರ, ಔಷಧ ಸಾಗಿಸುವ ಯಂತ್ರಗಳನ್ನು ಹೀಗೆ ನಿಲ್ಲಿಸುವುದು ಸುಲಭದ ನಿರ್ಧಾರವಲ್ಲ. ಆದರೂ ನಿಲ್ಲಿಸಲೇಬೇಕಾಯಿತು. ಪರೀಕ್ಷೆಗಳಲ್ಲಿ ತೇರ್ಗಡೆಯಾದ ಯಂತ್ರವೂ ವರ್ಷಗಳ ದುಡಿಮೆಯ ಬಳಿಕ ಹೊಸ ಪ್ರಶ್ನೆ ಹುಟ್ಟಿಸಬಹುದು. ಸಂದೇಹ ಬಂದಾಗ 'ಇದು ಸುರಕ್ಷಿತವಲ್ಲ' ಎಂದು ನೇರವಾಗಿ ಹೇಳಬಲ್ಲವರು ಬೇಕಾಗುವುದು ಇಂಥ ಹೊತ್ತಿನಲ್ಲಿ. ಗೇರುತೋಟಗಳ ಕೆಳಗಿನ ಊರುಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಕನ್ನಡ ಶಾಲೆಯಿಂದ ಹೊರಡುವ ದಾರಿ

ಈ ವೃತ್ತಿಗೆ ನೇರ ಪ್ರವೇಶವಿಲ್ಲ. ಮೊದಲು ಸೇನೆಯ ಅಧಿಕಾರಿಯಾಗಬೇಕು, ಬಳಿಕ ಪೈಲಟ್. ವರ್ಷಗಳ ಅನುಭವದ ಮೇಲೆ ಬೋಧಕ ಅಥವಾ ಪರೀಕ್ಷಾ ಪೈಲಟ್. ಕನ್ನಡ ಮಾಧ್ಯಮದ ಕುಟುಂಬಗಳು ಗಮನಿಸಬೇಕಾದ ಸಂಗತಿಯೊಂದಿದೆ. ಸೈನಿಕ ಶಾಲೆಗಳ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಲು ಅವಕಾಶವಿದೆ. ಒಂಬತ್ತನೇ ತರಗತಿಯ ಪ್ರವೇಶಕ್ಕೆ ಇಂಗ್ಲಿಷ್ ಮಾತ್ರ. ಕೇರಳದ ಸೈನಿಕ ಶಾಲೆ ತಿರುವನಂತಪುರದ ಕಳಕ್ಕೂಟಂನಲ್ಲಿದೆ, ಕೊಡಗಿನದು ಕೂಡಿಗೆಯಲ್ಲಿದೆ. ಹೆಚ್ಚಿನ ಸೀಟುಗಳು ಆಯಾ ರಾಜ್ಯದ ಮಕ್ಕಳಿಗೆ ಮೀಸಲಾಗಿರುವುದನ್ನು ನೆನಪಿಡಬೇಕು. ಈಗ ಹೆಣ್ಣುಮಕ್ಕಳಿಗೂ ಪ್ರವೇಶವಿದೆ.

ಸೈನಿಕ ಶಾಲೆಯಲ್ಲೇ ಓದಬೇಕೆಂದಿಲ್ಲ. ಹನ್ನೆರಡನೇ ತರಗತಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದುವವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯಬಹುದು. ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600 ಅಂಕ. ಬಳಿಕ ಐದು ದಿನಗಳ ಆಯ್ಕೆ ಪ್ರಕ್ರಿಯೆ, ವೈದ್ಯಕೀಯ ತಪಾಸಣೆ. ಪೈಲಟ್ ಆಗಬಯಸುವವರಿಗೆ ಪ್ರತ್ಯೇಕವಾದ ಅಭಿರುಚಿ ಪರೀಕ್ಷೆಯೂ ಇದೆ. ಅದರಲ್ಲಿ ಅನುತ್ತೀರ್ಣರಾದವರಿಗೆ ಎರಡನೆಯ ಅವಕಾಶವಿಲ್ಲ. ಈ ಅಕಾಡೆಮಿಗೆ 2022ರಲ್ಲಿ ಸೇರಿದ ಮೊದಲ ಮಹಿಳಾ ತಂಡ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂತು. ಪದವಿಯ ಬಳಿಕ ವಾಯುಪಡೆಯ ಪ್ರತ್ಯೇಕ ಪರೀಕ್ಷೆಯ ಮೂಲಕವೂ ಸೇರಬಹುದು. ನೌಕಾಪಡೆಯ ಅಧಿಕಾರಿಗಳನ್ನು ರೂಪಿಸುವ ಅಕಾಡೆಮಿಯಂತೂ ಪಕ್ಕದ ಕಣ್ಣೂರು ಜಿಲ್ಲೆಯ ಏಳಿಮಲೆಯಲ್ಲೇ ಇದೆ.

ಇಂಗ್ಲಿಷ್ ಕಲಿಯಲೇಬೇಕು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಬಲದ ದಿಕ್ಕು, ವೇಗೋತ್ಕರ್ಷ, ಸಾಂದ್ರತೆಗಳನ್ನು ಕನ್ನಡದಲ್ಲಿ ಅರ್ಥಮಾಡಿಕೊಂಡ ಮಗುವಿಗೆ ಅವುಗಳ ಇಂಗ್ಲಿಷ್ ಹೆಸರುಗಳನ್ನು ಕಲಿಯುವುದು ಕೆಲವು ತಿಂಗಳ ಕೆಲಸ. ಅರ್ಥವಾಗದೆ ಬಾಯಿಪಾಠ ಮಾಡಿದ ಮಗುವಿಗೆ ಯಾವ ಭಾಷೆಯೂ ನೆರವಾಗದು.

ಅಂಕ ಕಡಿಮೆಯಾಯಿತೆಂದು ಕುಗ್ಗುವ ಮಕ್ಕಳಿಗೆ ಪರೀಕ್ಷಾ ಪೈಲಟರೊಬ್ಬರ ಮಾತಿದೆ. ತೇಜಸ್ ಯುದ್ಧವಿಮಾನ ಆಕಾಶದಲ್ಲಿ ಹಿಡಿತ ತಪ್ಪಿದರೂ ಅದನ್ನು ಉಳಿಸಿ ಇಳಿಸಿದ್ದಕ್ಕೆ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರಿಗೆ 2021ರಲ್ಲಿ ಶೌರ್ಯಚಕ್ರ ದೊರೆಯಿತು. ಆ ಸೆಪ್ಟೆಂಬರಿನಲ್ಲಿ ಅವರು ತಾವು ಓದಿದ ಶಾಲೆಯ ಪ್ರಾಂಶುಪಾಲರಿಗೊಂದು ಪತ್ರ ಬರೆದರು. ತಾನು ಶಾಲೆಯಲ್ಲಿ ಸಾಧಾರಣ ವಿದ್ಯಾರ್ಥಿಯಾಗಿದ್ದೆ, ಸಾಧಾರಣವಾಗಿರುವುದು ತಪ್ಪಲ್ಲ, ಆದರೆ ಆರಿಸಿಕೊಂಡ ಕೆಲಸದಲ್ಲಿ ಪೂರ್ಣ ಮನಸ್ಸಿಡಬೇಕು ಎಂಬುದು ಅದರ ಸಾರ. ಮೂರೇ ತಿಂಗಳಲ್ಲಿ, ವೆಲ್ಲಿಂಗ್ಟನ್ನಿನ ಸೇನಾ ಕಾಲೇಜಿನಲ್ಲಿ ಬೋಧಕರಾಗಿದ್ದಾಗ, ಕೂನೂರಿನ ಹೆಲಿಕಾಪ್ಟರ್ ದುರಂತದಲ್ಲಿ ತೀವ್ರವಾಗಿ ಗಾಯಗೊಂಡು, ಡಿಸೆಂಬರ್ 15ರಂದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ನಿಧನರಾದರು. ಆ ಪತ್ರವನ್ನು ಶಾಲೆಯ ಮಕ್ಕಳಿಗೆ ಓದಿ ಹೇಳಬೇಕೆಂಬುದು ಅವರ ಕೋರಿಕೆಯಾಗಿತ್ತು. ಅದು ಕಾಸರಗೋಡಿನ ಶಾಲೆಗಳಲ್ಲೂ ಓದಿ ಹೇಳಲು ತಕ್ಕ ಪತ್ರ.