ಗಾಯದ ಪುಡಿ ಮಾಡುವ ಕೆಲಸ

ಮಗು ಬಿದ್ದು ಮಂಡಿ ತರಚಿಕೊಂಡಾಗ ನೀವು ಉದುರಿಸುವ ಪುಡಿಯಲ್ಲಿ ಬಹುಶಃ ಬ್ಯಾಸಿಟ್ರಾಸಿನ್ ಇರುತ್ತದೆ. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಗೋಡೆಯುಂಟು. ಅದರ ಇಟ್ಟಿಗೆಗಳು ತಯಾರಾಗುವುದು ಒಳಗೆ. ಪೊರೆ ದಾಟಿಸಿ ಹೊರಗೆ ಸಾಗಿಸುವ ಕೂಲಿಯಾಳು ಬ್ಯಾಕ್ಟೋಪ್ರೆನಾಲ್ ಎಂಬ ಕೊಬ್ಬಿನಂಶ. ಆಳುಗಳು ಕಡಿಮೆ, ಹೊರೆ ಇಳಿಸಿದವರೇ ಮತ್ತೆ ಹೊರಬೇಕು. ಅದಕ್ಕೆ ಮೊದಲು ತನ್ನಲ್ಲಿರುವ ಎರಡು ಫಾಸ್ಫೇಟ್‌ಗಳಲ್ಲಿ ಒಂದನ್ನು ಕಳಚಬೇಕು. ಬ್ಯಾಸಿಟ್ರಾಸಿನ್ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಗೋಡೆ ಕಟ್ಟುವುದು ನಿಂತು ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ.

ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯಿಲ್ಲ. ಆದರೂ ಇದೇ ಔಷಧಿ ಇಂಜೆಕ್ಷನ್ ರೂಪದಲ್ಲಿ ಮೂತ್ರಪಿಂಡಕ್ಕೆ ಹಾನಿಕರ; ಪುಡಿ, ಮುಲಾಮು ಚರ್ಮದ ಸಣ್ಣ ಗಾಯಕ್ಕಷ್ಟೇ.

ಮಣ್ಣಿನ ಮೇಲೇ ಪುಡಿ ಸುರಿದುಕೊಂಡು ಬರುವವರು ಈಗಲೂ ಇದ್ದಾರೆ. ಮೊದಲು ಸೋಪು, ನೀರು ಹಾಕಿ ಚೆನ್ನಾಗಿ ತೊಳೆಯಿರಿ. ಮೊಳೆ ಚುಚ್ಚಿದ್ದರೆ, ನಾಯಿ ಕಚ್ಚಿದ್ದರೆ ಪುಡಿಯನ್ನು ನಂಬಿ ಕೂರದೆ ಅಂದೇ ವೈದ್ಯರ ಬಳಿ ಹೋಗಿ.