ಚಕ್ಕರ್, ಜುಮುಜುಮು ಒಟ್ಟಿಗೇ ಬಂದರೆ?

‘ಚಕ್ಕರ್ ಬರಾಕತ್ತೈತ್ರೀ, ಕೈಕಾಲು ಜುಮುಜುಮು ಅಂತಾವ.’ ಖಾನಾಪುರದ ನನ್ನ ದವಾಖಾನೆಗೆ ಬರುವವರಿಂದ ಆಗಾಗ ಕೇಳುವ ಮಾತು. ಆಗ ನಾನು ಕೇಳುವುದು ಎರಡೇ ಪ್ರಶ್ನೆ: ಒಂದೇ ಕಡೆಯೋ, ಎರಡೂ ಕಡೆಯೋ? ಶುರುವಾಗಿದ್ದು ಎಷ್ಟು ಹೊತ್ತಿಗೆ?

ಎರಡೂ ಕೈಬೆರಳು, ತುಟಿಯ ಸುತ್ತ ಜುಮುಜುಮು ಎಂದು ತಲೆ ಹಗುರಾದರೆ ಅದು ಗಾಬರಿಯಿಂದ ಆಗಿರಬಹುದು. ಪರೀಕ್ಷೆಯ ದಿನ ಮಕ್ಕಳಿಗೂ ಹೀಗಾಗುವುದುಂಟು. ಬಿರುಸಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಕೂರಿಸಿ, ಉಸಿರನ್ನು ನಿಧಾನವಾಗಿ ಹೊರಬಿಡಿಸಿ. ಮುಖಕ್ಕೆ ಚೀಲ ಹಿಡಿಯಬೇಡಿ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಬೆವರು, ನಡುಕದ ಜೊತೆ ಇವೆರಡೂ ಬರಬಹುದು. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿದ್ದು, ಪೂರ್ಣ ಎಚ್ಚರವಿದ್ದರೆ 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ನಮ್ಮ ಬೆಳಗಾವಿ ಕುಂದಾ ಆಗ ಬೇಡ. ಅದರಲ್ಲಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

ತಿಂಗಳುಗಟ್ಟಲೆ ಎರಡೂ ಪಾದ ಜೋಮು ಹಿಡಿದು, ಕತ್ತಲಲ್ಲಿ ನಡೆಯುವಾಗ ತೂರಾಡಿದರೆ ಬಿ-12 ಕೊರತೆ ಇರಬಹುದು. ಹಾಲು, ಮೊಸರು, ಮೊಟ್ಟೆ, ಮಾಂಸ ಬಿಟ್ಟವರಲ್ಲಿ, ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಇದರ ಸಾಧ್ಯತೆ ಹೆಚ್ಚು. ರಕ್ತ ಪರೀಕ್ಷೆ ಮಾಡಿಸಿ. ತಡಮಾಡಿದರೆ ನರಗಳ ಹಾನಿ ಪೂರ್ತಿ ಸರಿಹೋಗದಿರಬಹುದು.

ನನಗೆ ಹೆದರಿಕೆ ಹುಟ್ಟಿಸುವುದು ಒಂದೇ ಕಡೆಯ ಜೋಮು. ಇದ್ದಕ್ಕಿದ್ದಂತೆ ಒಂದು ಕೈ, ಒಂದು ಕಾಲು ಮರಗಟ್ಟಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದನ್ನು ಲಕ್ವವೆಂದೇ ತಿಳಿಯಿರಿ. ತಲೆ ಸುತ್ತಿ ನಿಲ್ಲಲಾಗದಿರುವುದು, ಎರಡೆರಡಾಗಿ ಕಾಣುವುದೂ ಅದರ ಸೂಚನೆಯೇ. ರಕ್ತ ಹೆಪ್ಪುಗಟ್ಟಿ ಆಗಿದ್ದರೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಕಣಕುಂಬಿ ಕಡೆಯಿಂದ ಇನ್ನೂ ದೂರ. ಮೇಲೆ ಮಳೆಗಾಲದ ದಾರಿ. ಎಣ್ಣೆ ತಿಕ್ಕುತ್ತಾ ಬೆಳಗಾಗಲೆಂದು ಕಾಯುವಷ್ಟು ಸಮಯವಿಲ್ಲ. ಬಾಯಿಗೆ ನೀರನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಲೇಬೇಕು. ದೊಡ್ಡ ಲಕ್ವ ಅದರ ಬೆನ್ನಿಗೇ ಬರಬಹುದು.

ಮಕ್ಕಳೇ, ಅಜ್ಜ-ಅಜ್ಜಿಗೆ ಹೀಗಾದರೆ ನೀವೂ ನೆರವಾಗಬಹುದು. ‘ನಗು ಅಜ್ಜಿ, ಎರಡೂ ಕೈ ಎತ್ತು, ನನ್ನ ಹೆಸರು ಹೇಳು’ ಎನ್ನಿ. ಯಾವುದೊಂದು ತಪ್ಪಿದರೂ ದೊಡ್ಡವರನ್ನು ಕೂಗಿ. ಆಮೇಲೆ ಗಡಿಯಾರ ನೋಡಿ ಸಮಯ ಬರೆದಿಡಿ. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು ಅದನ್ನೇ.