ಎದುರುತ್ತರ ಕೊಟ್ಟು ಬೆಳೆದ ಸಾಹಿತ್ಯ

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗಾದಲ್ಲಿ ಋಷ್ಯಶೃಂಗೇಶ್ವರನ ದೇವಸ್ಥಾನವಿದೆ. ಮಳೆ ಕೈಕೊಟ್ಟ ವರ್ಷ ರೈತರೂ ಮಂತ್ರಿಗಳೂ ಇಲ್ಲಿಗೆ ಬಂದು ಪೂಜೆ ಮಾಡಿಸುತ್ತಾರೆ. ಈ ನಂಬಿಕೆಯ ಬೇರು ಒಂದು ಕಥೆಯಲ್ಲಿದೆ. ಹೆಣ್ಣಿನ ಮುಖವನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಮುನಿಕುಮಾರ ಋಷ್ಯಶೃಂಗ ಕಾಲಿಟ್ಟೊಡನೆ ಬರಗಾಲದ ಅಂಗದೇಶದಲ್ಲಿ ಮಳೆ ಸುರಿಯಿತು ಎಂಬುದು ಆ ಕಥೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅದು ದಶರಥನ ಪುತ್ರಕಾಮೇಷ್ಟಿಗೆ ದಾರಿ ಮಾಡಿಕೊಡುತ್ತದೆ. ಮಹಾಭಾರತದ ವನಪರ್ವದಲ್ಲಿ ತೀರ್ಥಯಾತ್ರೆಯ ನಡುವೆ ಬರುತ್ತದೆ. ಬೌದ್ಧ ಜಾತಕಗಳಲ್ಲಿ ಕಾಮದ ಎದುರು ತಪಸ್ಸು ಎಷ್ಟು ಬೇಗ ಸೋಲುತ್ತದೆ ಎಂಬ ಎಚ್ಚರಿಕೆಯಾಗುತ್ತದೆ. ಗಂಗೆಯ ಬಯಲಿನ ಆ ಕಥೆ ಸಹ್ಯಾದ್ರಿಯ ಮಳೆನಾಡಿಗೆ ಬಂದು, ಒಂದು ಗುಡಿಯಾಗಿ, ಶೃಂಗೇರಿ ಎಂಬ ಊರಿನ ಹೆಸರಾಗಿಯೂ ನೆಲೆನಿಂತಿದೆ ಎನ್ನುತ್ತದೆ ಸ್ಥಳಪುರಾಣ. ಹಳೆಯ ಮಾತನ್ನು ಪ್ರತಿಯೊಂದು ಕಾಲವೂ ಪ್ರತಿಯೊಂದು ಸೀಮೆಯೂ ತನ್ನ ಬದುಕಿನಿಂದ ತಿರುಗಿ ಹೇಳಿತು, ಬೇಕಾದಲ್ಲಿ ಅದಕ್ಕೆ ಎದುರುತ್ತರವನ್ನೂ ಕೊಟ್ಟಿತು. ಭಾರತೀಯ ಸಾಹಿತ್ಯ ಇಷ್ಟು ಕಾಲ ಬಾಳಿದ್ದು ಆ ಎದುರುತ್ತರದ ಬಲದಿಂದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಚಿಕ್ಕ ಸೀಮೆ ಇದಕ್ಕೆ ಸಾಕ್ಷಿ.

ಹಳಗನ್ನಡ, ನಡುಗನ್ನಡ ಸಾಹಿತ್ಯದ ಚರಿತ್ರೆಯನ್ನು ಜೈನ, ವೀರಶೈವ, ವೈದಿಕ ಎಂಬ ಮೂರು ಧಾರೆಗಳಲ್ಲಿ ಹೇಳುವ ರೂಢಿಯಿದೆ. ಈ ಮೂರರ ಕೇಂದ್ರಗಳನ್ನೂ ಇಲ್ಲಿ ಒಂದೇ ದಿನದಲ್ಲಿ ಸುತ್ತಿ ಬರಬಹುದು. ಶೃಂಗೇರಿಯಲ್ಲಿ, ತುಂಗೆಯ ದಡದಲ್ಲಿ, ಶಾರದಾಪೀಠ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ ಮತ್ತು ಜೈನ ಮಠ. ಅದೇ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ, ಭದ್ರೆಯ ದಡದಲ್ಲಿ, ರೇಣುಕಾಚಾರ್ಯರ ಪರಂಪರೆಯ ವೀರಶೈವ ರಂಭಾಪುರಿ ಪೀಠ. ಇವು ಬರಿದೆ ಅಕ್ಕಪಕ್ಕ ಇದ್ದವೇ ಹೊರತು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಂಡದ್ದಕ್ಕೆ ಆಧಾರವೇನು ಎಂದು ಯಾರಾದರೂ ಕೇಳಬಹುದು. ಶೃಂಗೇರಿ ಪೇಟೆಯ ನಡುವೆಯೇ 12ನೇ ಶತಮಾನದ ಪಾರ್ಶ್ವನಾಥ ಬಸದಿ ನಿಂತಿದೆ. ಅಷ್ಟು ಹತ್ತಿರದ ನೆರೆಮನೆಯ ಮಾತು ಕಿವಿಗೆ ಬೀಳದಿರುವುದು ಕಷ್ಟ. ಆದರೂ ಕಟ್ಟಡ ಕಟ್ಟಡವೇ, ಗಟ್ಟಿಯಾದ ಆಧಾರ ಪುಸ್ತಕದಲ್ಲಿ ಸಿಗಬೇಕು.

ಆ ಪುಸ್ತಕ 14ನೇ ಶತಮಾನದ ‘ಸರ್ವದರ್ಶನಸಂಗ್ರಹ’. ಅದನ್ನು ಬರೆದ ಮಾಧವಾಚಾರ್ಯರು ಶೃಂಗೇರಿಯ ವಿದ್ಯಾರಣ್ಯರೇ, ಅವರ ಬಳಗದ ಇನ್ನೊಬ್ಬರೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಗ್ರಂಥ ವಿಜಯನಗರದ ಆ ವಿದ್ವಾಂಸರ ಬಳಗದ್ದೆಂಬುದರಲ್ಲಿ ಜಗಳವಿಲ್ಲ. 16 ದರ್ಶನಗಳ ಈ ಗ್ರಂಥ ಶುರುವಾಗುವುದು ವೇದವನ್ನೇ ಒಪ್ಪದ ಚಾರ್ವಾಕರಿಂದ. ಆಮೇಲೆ ಬೌದ್ಧರು, ಜೈನರು, ಶೈವರು ಬಂದು, ಕೊನೆಗೆ ಅದ್ವೈತ. ಗ್ರಂಥಕಾರನಿಗೆ ಅದ್ವೈತವೇ ಹೆಚ್ಚು ಎಂಬುದು ಈ ಸಾಲಿನಲ್ಲೇ ಗೊತ್ತಾಗುತ್ತದೆ. ಆದರೆ ಎದುರಾಳಿಯ ಮಾತನ್ನು ಪೂರ್ತಿಯಾಗಿ ಮುಂದಿಡದೆ ತನ್ನ ಮಾತು ಆಡಬಾರದೆಂಬ ಪೂರ್ವಪಕ್ಷದ ಶಿಸ್ತು ಅವನನ್ನು ಬಿಡಲಿಲ್ಲ. ಚಾರ್ವಾಕರ ಮೂಲಗ್ರಂಥಗಳು ಕಳೆದುಹೋಗಿವೆ. ಅವರ ವಾದ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಅವರನ್ನು ಖಂಡಿಸಿದವರು ಬರೆದಿಟ್ಟದ್ದರಿಂದ. ಇದೇ ಬಳಗದ ಸಾಯಣಾಚಾರ್ಯರು ಬುಕ್ಕರಾಯನ ಆಶ್ರಯದಲ್ಲಿ ಬರೆದ ಋಗ್ವೇದ ಭಾಷ್ಯವನ್ನು ಮೂಲದೊಂದಿಗೆ ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ 6 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಯುರೋಪು ವೇದವನ್ನು ಓದಲು ಕಲಿತದ್ದರ ಹಿಂದೆ ತುಂಗಭದ್ರೆಯ ಸೀಮೆಯ ಒಬ್ಬ ವಿದ್ವಾಂಸನ ದುಡಿಮೆಯಿದೆ.

ಇದೆಲ್ಲ ಸಂಸ್ಕೃತ ಬಲ್ಲ ಕೆಲವೇ ಮನೆಗಳ ಮಾತು, ಗದ್ದೆ ತೋಟಗಳಲ್ಲಿ ದುಡಿದವರಿಗೂ ಇದಕ್ಕೂ ಏನು ಸಂಬಂಧ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಅದರಲ್ಲಿ ನಿಜವಿದೆ. ಅಕ್ಷರವನ್ನು ಬಹುಜನರಿಂದ ದೂರ ಇಟ್ಟದ್ದು ನಮ್ಮ ಪರಂಪರೆಯ ದೊಡ್ಡ ಅನ್ಯಾಯ. ಯಾವ ಗ್ರಂಥದ ಹಿರಿಮೆಯೂ ಅದನ್ನು ತೊಳೆಯಲಾರದು. ಆದರೆ ಅಕ್ಷರದಿಂದ ದೂರವಿದ್ದವರು ಮಾತಿಲ್ಲದವರಾಗಿರಲಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಮಲೆನಾಡಿನ ಅಂಟಿಗೆ ಪಂಟಿಗೆಯವರನ್ನು ನೋಡಿ. ಪುರಾಣದಲ್ಲಿ ವಾಮನನ ಪಾದದ ಕೆಳಗೆ ಪಾತಾಳಕ್ಕಿಳಿದ ಬಲಿ, ಇವರ ಹಾಡಿನಲ್ಲಿ ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಬರುವ ದೊರೆ. ಗೆದ್ದವನ ಕಥೆಯನ್ನು ಸೋತವನ ಕಡೆಯಿಂದ ಕಂಡು, ಒಂದು ಅಕ್ಷರವನ್ನೂ ಬರೆಯದೆ ಕೊಟ್ಟ ಎದುರುತ್ತರ ಇದು.

ಆ ಎದುರುತ್ತರಕ್ಕೆ ಮಹಾಕಾವ್ಯದ ಎತ್ತರ ಬಂದದ್ದು ಕುವೆಂಪು ಅವರಿಂದ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹುಟ್ಟಿದ ಊರು ಕವಿಯನ್ನು ಮಾಡುವುದಿಲ್ಲ, ಹಾಗಾಗಿ ಇಲ್ಲಿ ಹುಟ್ಟೂರಿನ ಹೆಮ್ಮೆಯ ಪ್ರಶ್ನೆಯಿಲ್ಲ. ಒಕ್ಕಲುತನದ ಮನೆಯ ಹುಡುಗ ರಾಮಾಯಣವನ್ನು ಹೊಸದಾಗಿ ಬರೆಯುವ ಹಕ್ಕು ತನ್ನದೂ ಹೌದೆಂದು ತಿಳಿದದ್ದು ಇಲ್ಲಿ ಮುಖ್ಯ. 1949ರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಮಂಥರೆಗೂ ಕರುಣೆಯಿದೆ, ರಾವಣನಿಗೂ ಉದ್ಧಾರವಿದೆ, ಸೀತೆಯ ಅಗ್ನಿಪರೀಕ್ಷೆಯ ಹೊತ್ತಿನಲ್ಲಿ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅದಕ್ಕೂ ಮೊದಲು ‘ಶೂದ್ರ ತಪಸ್ವಿ’ ನಾಟಕದಲ್ಲಿ ಅವರು, ಮೂಲಕಥೆಯಲ್ಲಿ ರಾಮನ ಕೈಯಲ್ಲಿ ಸಾಯುವ ಶಂಬೂಕನನ್ನು ಉಳಿಸಿದಾಗ, ಹಳೆಯ ಕಥೆಯನ್ನು ಹೀಗೆ ಬದಲಿಸುವುದು ಸರಿಯೇ ಎಂದು ಮಾಸ್ತಿಯವರು ಆಕ್ಷೇಪಿಸಿದ್ದರು. ಮೂಲಕ್ಕೆ ಗೌರವ ಬೇಕೆಂಬ ಆ ಕಾಳಜಿ ಹಗುರವಾದದ್ದಲ್ಲ. ಆದರೆ 12ನೇ ಶತಮಾನದ ಹೊತ್ತಿಗೇ ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಂದವನು ಲಕ್ಷ್ಮಣ, ಮತ್ತು ಆ ರಾವಣ ಒಂದೇ ತಪ್ಪಿಗೆ ಕೆಟ್ಟ ಹಿರಿಯ ಜೀವ. ಕಥೆ ಬದಲಿಸುವುದೂ ಕನ್ನಡದಲ್ಲಿ ಪರಂಪರೆಯೇ. ಕುವೆಂಪು ಮುರಿದರೆನ್ನುವ ನಿಯಮ ನಮ್ಮಲ್ಲಿ ಇರಲೇ ಇಲ್ಲ.

ಹೀಗೆ ಎಲ್ಲರೂ ಎದುರುತ್ತರ ಕೊಡುತ್ತಾ ಹೋದರೆ ಉಳಿಯುವುದೇನು ಎಂಬ ಭಯಕ್ಕೆ ‘ಸಂಸ್ಕಾರ’ದಲ್ಲಿ ಉತ್ತರವಿದೆ. ಪಕ್ಕದ ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಆ ಕಾದಂಬರಿಯ ಪ್ರಾಣೇಶಾಚಾರ್ಯ, ಆಚಾರಗೆಟ್ಟವನ ಹೆಣ ಸುಡಬಹುದೇ ಎಂದು ಓಲೆಗರಿಗಳನ್ನೆಲ್ಲ ತಡಕುತ್ತಾನೆ, ಉತ್ತರ ಸಿಗುವುದಿಲ್ಲ. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಿಸಿದ ಅದರ ಸಿನಿಮಾ, ಸೆನ್ಸಾರಿನ ತಡೆಯನ್ನು ದಾಟಿ ಬಂದು, 1970ರ ಸಾಲಿನ ಸ್ವರ್ಣಕಮಲ ಪಡೆಯಿತು. ಗ್ರಂಥದಲ್ಲಿ ಉತ್ತರವಿಲ್ಲದಾಗ ಮನುಷ್ಯ ತಾನೇ ಉತ್ತರಿಸಬೇಕಾಗುತ್ತದೆ, ಮುಂದಿನ ಗ್ರಂಥ ಹುಟ್ಟುವುದು ಅಲ್ಲಿಂದಲೇ. ಗ್ರಂಥಗಳನ್ನು ಪೂಜೆಗೆ ಇಟ್ಟು ಓದುವುದನ್ನು ಬಿಟ್ಟರೂ, ಓದದೆಯೇ ಹಳಿದು ಆಚೆಗೆ ಎಸೆದರೂ ಈ ಮಾತುಕತೆ ನಿಂತುಹೋಗುತ್ತದೆ. ಚಾರ್ವಾಕನ ಮಾತನ್ನು ಮೊದಲು ಬರೆದಿಟ್ಟ ಆ ಅದ್ವೈತಿಯ ಶಿಸ್ತು, ಬಲಿಯನ್ನು ದೊರೆಯೆಂದು ಹಾಡಿದವರ ಧೈರ್ಯ, ಎರಡೂ ಇದೇ ಮಣ್ಣಿನವು. ನಮ್ಮ ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಕಲಿಸಬೇಕು.